ಕಾಲಿಗೆ ತಿಳಿದ ನೆಲ

ಬಿಳಿಯೆಂದರೆ ಬಿಳಿ, ಅದರಲ್ಲಿ ಇನ್ನೇನಿದೆ ಎಂದು ನಂಬಿ ನಾನು ನಲವತ್ತು ವರ್ಷ ನೆಮ್ಮದಿಯಾಗಿ ಬದುಕಿದ್ದೆ. ಲಿಂಗಂಪಲ್ಲಿಯಲ್ಲಿ ಫ್ಲ್ಯಾಟ್ ಕೊಂಡ ಮೇಲೆ, ಬಣ್ಣದಂಗಡಿಯವನು ಬಿಚ್ಚಿಟ್ಟ ಪುಸ್ತಕದಲ್ಲಿ ದಂತದ ಬಿಳಿ, ಮುತ್ತಿನ ಬಿಳಿ, ಮೊಟ್ಟೆಚಿಪ್ಪಿನ ಬಿಳಿ ಎಂದು ಪುಟಗಟ್ಟಲೆ ಹರಡಿದ್ದ ಶ್ವೇತಸಾಮ್ರಾಜ್ಯವನ್ನು ಕಂಡು, ಮದುವೆಯ ಸೀರೆ ಆರಿಸುವಾಗಲೂ ಪಡದ ಸಂಕಟ ಪಟ್ಟೆ. ನಮ್ಮ ಯಜಮಾನರು ಇಣುಕಿ ನೋಡಿ, ಎಲ್ಲವೂ ಸುಣ್ಣದಂತೆಯೇ ಇದೆಯಲ್ಲ ಎಂದರು. ಅಂದೇ ಅವರನ್ನು ಗೃಹಾಲಂಕಾರದ ಸಮಿತಿಯಿಂದ ಸಗೌರವ ನಿವೃತ್ತಿಗೊಳಿಸಿದೆ.

ಆಗ ನಮ್ಮ ಕಡೆ ದಿನಕ್ಕೊಂದು ಕಟ್ಟಡ ಮೇಲೇಳುತ್ತಿತ್ತು. ಕಂಪ್ಯೂಟರ್ ಕೆಲಸದವರ ಗೃಹಪ್ರವೇಶಕ್ಕೆ ಹೋದರೆ ಊಟಕ್ಕಿಂತ ಮೊದಲು ನೆಲವನ್ನು ಹೊಗಳಬೇಕು. ಬಾಲಾನಗರದ ಸರ್ಕಾರಿ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಕೂದಲೆಳೆಯಷ್ಟು ದೋಷಕ್ಕೂ ತಿರಸ್ಕರಿಸುವ ತಪಾಸಣೆಯ ಹುದ್ದೆ ನನ್ನದು. ಅಂಥ ನಾನು, ಮುಖ ಕಾಣುವಷ್ಟು ಹೊಳೆಯುವ ಟೈಲ್ಸಿನ ಮುಂದೆ ಪೂರ್ತಿ ಶರಣಾದೆ. ಅದರಲ್ಲಿ ನನ್ನ ಮುಖ ನಿಜಕ್ಕಿಂತ ತುಸು ಚೆನ್ನಾಗಿ ಕಾಣುತ್ತಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ನಡುಮನೆಯ ಅರ್ಧ ನೆಲ ಮುಗಿದ ದಿನ ಅವ್ವನನ್ನು ಕರೆದುಕೊಂಡು ಹೋದೆ. ಎರಡು ವರ್ಷಗಳಿಂದ ಅವಳ ದೃಷ್ಟಿ ಕುಂದುತ್ತ ಬಂದು, ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಬಾಡಿಗೆ ಮನೆಯಲ್ಲಿ ಎರಡು ಸಲ ಬಿದ್ದ ಮೇಲೆ ಒಬ್ಬಳೇ ಮಂಚ ಬಿಟ್ಟು ಇಳಿಯುವುದನ್ನೇ ನಿಲ್ಲಿಸಿದ್ದಳು. ನಾವು ಕೆಲಸಕ್ಕೆ ಹೋದಾಗ ಬಚ್ಚಲಿಗೆ ಹೋಗಬೇಕಾದೀತೆಂಬ ಭಯಕ್ಕೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾಳೆಂದು ನನಗೆ ತಿಳಿದದ್ದು ತೀರ ತಡವಾಗಿ.

ಹೊಸ್ತಿಲಲ್ಲಿ ನಿಂತ ಅವ್ವ ನೆರಿಗೆಯನ್ನು ಮೇಲಕ್ಕೆತ್ತಿ ಹಿಡಿದು, “ನೀರು ನಿಂತೈತಲ್ಲ, ಮೊದಲ ಒರಸ್ರಿ” ಎಂದಳು. ನೆಲ ಒಣಗಿತ್ತು.

ಟೈಲ್ಸ್ ಹಾಸುತ್ತಿದ್ದ ಸೇಡಂ ಕಡೆಯ ಮೇಸ್ತ್ರಿ ಬಸಲಿಂಗಪ್ಪ ಕರಣೆ ಕೆಳಗಿಟ್ಟ. “ಅಕ್ಕಾರ, ಯವ್ವಾರಿಗಿ ಇದು ನೆಲ ಅನಸಾಕತ್ತಿಲ್ರಿ. ಮಂಚದಿಂದ ಬಚ್ಚಲಕ, ಅಡಿಗಿಮನಿಗಿ ಒರಟು ಶಹಾಬಾದಿ ಕಲ್ಲಿನ ಪಟ್ಟಿ ಹಾಕ್ತೀನ್ರಿ. ಕಣ್ಣಿಗಿ ಕಾಣದಿದ್ರ ಏನಾತು, ಕಾಲಿಗಿ ಗೊತ್ತಾಗ್ತೈತಿ.”

ಆ ಕ್ಷಣ ನನ್ನ ತಲೆಯಲ್ಲಿ ಬಂದ ಮೊದಲ ಯೋಚನೆಯನ್ನು ನಿಮ್ಮೊಬ್ಬರ ಮುಂದೆ ನಾಚಿಕೆಯಿಂದ ಹೇಳುತ್ತೇನೆ: ಮನೆಗೆ ಬಂದವರು ಏನೆಂದಾರು? ಫಳಫಳ ನೆಲದ ನಡುವೆ ಎತ್ತಿನಗಾಡಿ ಹೋದಂತೆ ಒಂದು ಬೂದು ಜಾಡು! ಆದರೆ ಅವ್ವ ಇನ್ನೂ ನೆರಿಗೆ ಹಿಡಿದೇ ನಿಂತಿದ್ದಳು. ಪಟ್ಟಿ ಬರುವ ಕಡೆ ಹಾಸಿದ್ದನ್ನು ಕೀಳಲು ಹೇಳಿದೆ.

ಮರುದಿನ ಬಸಲಿಂಗಪ್ಪ ಅವ್ವನನ್ನು ಬರಿಗಾಲಲ್ಲಿ ನಡೆಸಿದ. ಅವಳ ಕೈ ನನ್ನ ಭುಜದ ಮೇಲೆ. ಅವನು ಕುಕ್ಕರಗಾಲಲ್ಲೇ ಹಿಂದೆ ಸರಿಯುತ್ತ, ಅವಳ ಒಂದೊಂದು ಹೆಜ್ಜೆಗೂ ಸೀಮೆಸುಣ್ಣದ ಗೆರೆ ಎಳೆದ. ಆಮೇಲೆ ಆ ಗೆರೆಗೇ ಸಂದು ಬರುವಂತೆ ಕಲ್ಲು ಕೊಯ್ದ. ತಿರುವಿನ ಕಲ್ಲಿಗೆ ಉಳಿಯಿಂದ ಅಡ್ಡಗೀರು ಹಾಕಿದ, ಬಚ್ಚಲ ಮುಂದಿನದಕ್ಕೆ ಚುಕ್ಕೆ ಕೆತ್ತಿದ. ಗಾರೆ ಹಾಕುವ ಮೊದಲು ಕಲ್ಲುಗಳನ್ನು ಜೋಡಿಸಿಟ್ಟು, ಟವೆಲಿನಿಂದ ತನ್ನ ಕಣ್ಣು ಕಟ್ಟಿಕೊಂಡು ತಾನೇ ನಡೆದು, ಒಂದು ಕಡೆ ನಿಂತು ಹೆಬ್ಬೆರಳು ಆಡಿಸಿ, “ಇದು ಒಂಚೂರು ಏರೈತ್ರಿ” ಎಂದ. ನಾನು ರಸಮಟ್ಟ ಇಟ್ಟು ನೋಡಿದೆ. ಅದರ ಗಾಜಿನೊಳಗಿನ ಗುಳ್ಳೆ ಸರಿಯಾಗಿ ನಡುವೆಯೇ ಇತ್ತು. ಅವನು ನಕ್ಕು ಕಲ್ಲೆತ್ತಿದ. ಮೂಲೆಯಡಿ ಸಾಸಿವೆ ಕಾಳಿನಷ್ಟು ಹರಳೊಂದಿತ್ತು. ಇಷ್ಟು ವರ್ಷ ಅಳೆದದ್ದೆಲ್ಲ ಅಳತೆಯೇ ಅಲ್ಲವೇನೋ ಎನಿಸಿ, ಅವನ ಬಿರುಕುಬಿಟ್ಟ ಪಾದವನ್ನೇ ನೋಡುತ್ತ ನಿಂತೆ. ನಾನು ಬಂದುಹೋಗುವವರ ಕಣ್ಣಿಗಾಗಿ ಮನೆ ಮಾಡಲು ಹೊರಟಿದ್ದೆ. ಅವನು ಅಲ್ಲಿ ಬಾಳುವವಳ ಹೆಜ್ಜೆಗಾಗಿ ಮಾಡಿದ್ದ.

ಒಕ್ಕಲಾದ ಮೂರನೆಯ ಬೆಳಿಗ್ಗೆ, ಗೋಡೆಯ ಬಣ್ಣ ಹೇಗೆ ಕಾಣುತ್ತದೆಂದು ನೋಡುತ್ತ ನಾನು ಅಡಿಗೆಮನೆಯ ಮುಂದೆ ಕಲ್ಲಿನ ಪಟ್ಟಿಯ ಮೇಲೆ ನಿಂತಿದ್ದೆ. ಬೆನ್ನ ಹಿಂದೆ ದನಿ ಕೇಳಿತು.

“ಯಾರದು ದಾರ್ಯಾಗ ನಿಂತವ್ರು? ಸರೀರಿ.”

ಅವ್ವ ಯಾರನ್ನೂ ಹಿಡಿದಿರಲಿಲ್ಲ. ನಾನು ಹೊಳೆಯುವ ಟೈಲ್ಸಿನ ಮೇಲೆ ಸರಿದು ನಿಂತೆ. ಅವಳು ನೆಟ್ಟಗೆ ಒಳಗೆ ಹೋಗಿ, ಬಿಂದಿಗೆಯ ಕಂಠ ತಡವಿ, ಒಂದು ತಂಬಿಗೆ ನೀರನ್ನು ತಳ ಕಾಣುವತನಕ ಕುಡಿದಳು.