ಮೈಕ್ ಮೇಷ್ಟ್ರು ಮತ್ತು ಗೋಲು ಹೊಡೆಯದ ಹುಡುಗರು

ಕಾಲೇಜಿನ ಆಟದ ಮೇಷ್ಟ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಊರಿಗೆಲ್ಲ ಅವರು ಮೈಕ್ ಮೇಷ್ಟ್ರು. ಮೈಕ್ ಕಂಡರೆ ಅವರಿಗೆ ಅಷ್ಟು ಪ್ರಾಣ. ಯಾರದೋ ಬೀಳ್ಕೊಡುಗೆ ಸಭೆಯಲ್ಲಿ ವಂದನಾರ್ಪಣೆ ಮಾಡಿ ಎಂದು ಮೈಕ್ ಕೊಟ್ಟರೆ, ವಂದನೆ ಮುಗಿಯುವಷ್ಟರಲ್ಲಿ ಬೀಳ್ಕೊಡಬೇಕಾದವರೇ ಎದ್ದು ಹೋಗಿರುತ್ತಿದ್ದರು. ಮೈಕ್ ಇಲ್ಲದಿದ್ದರೂ ಸುಮ್ಮನಿರುವ ಆಸಾಮಿಯಲ್ಲ. ಮೈದಾನದ ಈ ಮೂಲೆಯಲ್ಲಿ ಅವರು ಬಾಯಿ ತೆಗೆದರೆ ಆ ಮೂಲೆಯ ಪ್ರಯೋಗಾಲಯದಲ್ಲಿ ಕಿಟಕಿ ಮುಚ್ಚುತ್ತಿದ್ದರು.

ಇಂಥ ಮೇಷ್ಟ್ರ ಕೈಯಲ್ಲಿ ಒಂದು ಫುಟ್‌ಬಾಲ್ ತಂಡವಿತ್ತು. ಎಂಥ ತಂಡ ಅಂತೀರಿ! ಬೆಳಿಗ್ಗೆ ಹುಡುಗರ ಅಭ್ಯಾಸ ನೋಡುತ್ತ, ಹಾಲು ತರಲು ಹೊರಟವರು ಬೇಲಿ ಹಿಡಿದು ನಿಂತು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದರು. ಎಲ್ಲಿಂದ ಒದ್ದರೂ ಗೋಲು, ಯಾವ ಕಾಲಲ್ಲಿ ಒದ್ದರೂ ಗೋಲು. ಹರಿದ ಬಲೆ ಹೊಲಿದು ಹೊಲಿದು ಮೇಷ್ಟ್ರ ಬೆರಳು ಒರಟಾಗಿ ಹೋಗಿದ್ದವು. ಆದರೆ ಪಂದ್ಯದ ದಿನ ಎದುರಿಗೆ ಇನ್ನೊಂದು ಕಾಲೇಜು ಬಂದು ನಿಂತಿತೋ, ಅದೇ ಹುಡುಗರಿಗೆ ಏನೋ ಬಡಿದುಕೊಳ್ಳುತ್ತಿತ್ತು. ಗೋಲಿನ ಬಾಯಿಯವರೆಗೂ ಬೆಣ್ಣೆಯಿಂದ ಕೂದಲು ತೆಗೆದಂತೆ ನುಗ್ಗುವರು. ಅಲ್ಲಿಗೆ ಹೋದಮೇಲೆ ಚೆಂಡನ್ನು ಪಕ್ಕದವನಿಗೆ ಕೊಡುವರು. ಪಕ್ಕದವನು ಇನ್ನೊಬ್ಬನಿಗೆ, ಇನ್ನೊಬ್ಬ ತಿರುಗಿ ಮೊದಲಿನವನಿಗೆ. ಹೋದ ವರ್ಷ ಒಂದು ಪಂದ್ಯದಲ್ಲಿ ಎದುರಾಳಿ ಗೋಲ್‌ಕೀಪರ್ ಜಾರಿಬಿದ್ದು ಮೊಣಕಾಲು ಹಿಡಿದು ಕೂತಿದ್ದ. ನಮ್ಮವರು ಗೆರೆಯ ಮೇಲೆ ಚೆಂಡಿಟ್ಟುಕೊಂಡು, "ನೀನು ಒದಿ," "ಇಲ್ಲಪ್ಪ, ನೀನೇ ಒದಿ," ಎಂದು ಉಪಚಾರ ಮಾಡುತ್ತ ನಿಂತರು. ಅಷ್ಟರಲ್ಲಿ ಬಿದ್ದವನು ಎದ್ದು, ಚಡ್ಡಿಯ ಧೂಳು ಕೊಡವಿಕೊಂಡು, ಚೆಂಡು ಎತ್ತಿಕೊಂಡು ಹೋದ.

ಪೆನಾಲ್ಟಿ ಸಿಕ್ಕರಂತೂ ಮುಗಿಯಿತು. ತಂಡಕ್ಕೆ ತಂಡವೇ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳಲು ಶುರುಮಾಡುತ್ತಿತ್ತು. ಬಗ್ಗುವುದು ತಡವಾಗಿ ಸಿಕ್ಕಿಬಿದ್ದವನು ಹೋಗಿ ಚೆಂಡನ್ನು ಕಾಂಪೌಂಡಿನಾಚೆಗೆ ಒದ್ದು ನಿಟ್ಟುಸಿರು ಬಿಡುತ್ತಿದ್ದ. ಹೀಗಾಗಿ ಕಾಲೇಜಿನ ಗಾಜಿನ ಬೀರುವಿನಲ್ಲಿ ಗೆದ್ದ ಕಪ್ಪು ಒಂದೂ ಇಲ್ಲ. 'ಸಭ್ಯ ಆಟದ ತಂಡ' ಎಂದು ಕೆತ್ತಿದ ಕಪ್ಪುಗಳು ಮಾತ್ರ ಇಡಲು ಜಾಗವಿಲ್ಲದಷ್ಟು.

ಮೇಷ್ಟ್ರು ತಲೆ ಕೆಡಿಸಿಕೊಂಡರು. ಬೂಟು ಬದಲಾಯಿಸಿದರು, ಜರ್ಸಿಯ ಬಣ್ಣ ಬದಲಾಯಿಸಿದರು. ಮನಶ್ಶಾಸ್ತ್ರದ ಮೇಡಂ ಬಂದು ಹುಡುಗರಿಗೆ ಕಣ್ಣು ಮುಚ್ಚಿ ಉಸಿರಾಡಲು ಹೇಳಿಕೊಟ್ಟರು. ಮುಂದಿನ ಪಂದ್ಯದಲ್ಲಿ ಹುಡುಗರು ಬಹಳ ಶಾಂತವಾಗಿ ಸೋತರು. ಇದ್ಯಾವುದೂ ನಾಟದೆ ಹೋದಾಗ ಮೇಷ್ಟ್ರು ತಮಗೆ ಗೊತ್ತಿದ್ದ ಏಕೈಕ ಔಷಧಿ ಶುರುಮಾಡಿದರು. ಅದೇ, ಮಾತು. ಆಟಕ್ಕೆ ಮುಂಚೆ ಮಾತು, ವಿರಾಮದಲ್ಲಿ ನೀರು ಕುಡಿಯಲು ಬಿಡದೆ ಮಾತು, ಆಟ ಮುಗಿದ ಮೇಲೆ ಬಸ್ಸಿನಲ್ಲಿ ಎಲ್ಲರೂ ನಿದ್ದೆ ಹೋದರೂ ಡ್ರೈವರನ ಜೊತೆ ಮಾತು.

ಹೀಗಿರುವಾಗ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಮೇಷ್ಟ್ರನ್ನು ಕರೆಸಿದರು. ಕಾರ್ಯದರ್ಶಿಗಳಿಗೆ ಕಾರು ನಿಲ್ಲಿಸಲು ಜಾಗ ಸಿಗದೇ ಬಹಳ ದಿನಗಳಿಂದ ಹೊಟ್ಟೆ ಉರಿಯುತ್ತಿತ್ತು.

"ನೋಡಿ ಮೇಷ್ಟ್ರೇ, ಈ ಸಲ ಮೊದಲನೇ ಸುತ್ತಾದ್ರೂ ದಾಟಿದ್ರೆ ಸರಿ. ಇಲ್ಲ ಅಂದ್ರೆ ಮೈದಾನಕ್ಕೆ ಸಿಮೆಂಟ್ ಹಾಕಿಸಿ ಪಾರ್ಕಿಂಗ್ ಮಾಡಿಬಿಡೋಣ ಅಂತಿದ್ದೀವಿ."

"ಆಗ ನಾನು ಏನ್ ಮಾಡ್ಲಿ ಸಾರ್?"

"ಲೈಬ್ರರಿ ಇದೆಯಲ್ಲ. ಅಲ್ಲಿ ನೋಡ್ಕೊಳ್ಳೋಕೆ ಒಬ್ಬರು ಬೇಕಾಗಿತ್ತು."

ಮೇಷ್ಟ್ರಿಗೆ ಮೈದಾನ ಹೋಗುವುದು ಒಂದು ಸಂಕಟ. ಪಿಸುಗುಟ್ಟಿದರೂ 'ಶ್' ಎನ್ನುವ ಲೈಬ್ರರಿಯಲ್ಲಿ ಉಳಿದ ಆಯುಷ್ಯ ಕಳೆಯುವುದೆಂದರೆ ಅದಕ್ಕಿಂತ ಜೈಲೇ ವಾಸಿ.

ಇಲ್ಲಿ ಒಂದು ಮಾತು ಹೇಳಬೇಕು. ಈ ಮನುಷ್ಯ ತಾನು ಓದುವಾಗ ಅದೇ ಕಾಲೇಜಿನ ತಂಡದಲ್ಲಿದ್ದವರು. ಇದ್ದರು ಅಂದರೆ, ಬೆಂಚಿನ ಮೇಲೆ ಇದ್ದರು. ಮೂರು ವರ್ಷ ಬೇರೆಯವರ ಬೂಟು, ಬಟ್ಟೆ ಕಾದುಕೊಂಡು ಕೂತರೇ ಹೊರತು ಒಂದು ಗೋಲು ಹೊಡೆದವರಲ್ಲ. ಗೋಲು ಹೊಡೆದವರನ್ನೂ ಆಗ ಯಾರೂ ಕರೆದು ಮಾತಾಡಿಸುತ್ತಿರಲಿಲ್ಲ. ಅದು ಅವರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಆದ್ದರಿಂದ ಮೇಷ್ಟ್ರಾಗಿ ಬಂದ ಕೂಡಲೇ ಒಂದು ಪದ್ಧತಿ ತಂದರು. ಪಂದ್ಯದಲ್ಲಿ ಗೋಲು ಹೊಡೆದವನನ್ನು ಸೋಮವಾರದ ಸಭೆಯಲ್ಲಿ ಇಡೀ ಕಾಲೇಜಿನ ಎದುರು ಸ್ಟೇಜ್ ಹತ್ತಿಸುವುದು. "ನಮ್ಮ ಕಾಲೇಜಿನ ಸಿಡಿಲಮರಿ" ಎಂದು ತಾವೇ ಪರಿಚಯ ಮಾಡುವುದು. ಆಮೇಲೆ ಅವನ ಕೈಗೆ ಮೈಕ್ ಕೊಟ್ಟು, ಗೋಲು ಹೇಗೆ ಹೊಡೆದೆ, ಚೆಂಡು ಬಂದಾಗ ಮನಸ್ಸಿನಲ್ಲಿ ಏನಿತ್ತು ಎಂದೆಲ್ಲ ಕೇಳುವುದು. ವಾರಕ್ಕೆಲ್ಲ ಅವರಿಗೆ ಬದುಕಿದ್ದೇನೆ ಅನ್ನಿಸುತ್ತಿದ್ದದ್ದು ಆ ಹೊತ್ತಿನಲ್ಲೇ. ಈಚೆಗೆ ಗೋಲೇ ಇಲ್ಲದೆ ಸೋಮವಾರಗಳು ಒಣಗಿ ಹೋಗಿದ್ದವು.

ಕೊನೆಯ ಸಲ ಸ್ಟೇಜ್ ಹತ್ತಿದವನು ತಂಡದ ಮುಂಚೂಣಿ ಆಟಗಾರ. ಅಂಥ ಎಡಗಾಲು ಆ ಊರು ಕಂಡಿರಲಿಲ್ಲ. ಮೈಕ್ ಹಿಡಿದು ಆ ಹುಡುಗ, "ಬಾಲ್ ಬಂತು," ಎಂದ. ಸ್ವಲ್ಪ ಹೊತ್ತು ಬಿಟ್ಟು, "ಬಂತು," ಎಂದ. ಹುಡುಗಿಯರ ಸಾಲಿನ ಕಡೆ ಒಂದು ಸಲ ನೋಡಿ, "ಬಂತು," ಎಂದು ಉಗುಳು ನುಂಗಿದ. ಸಭಾಂಗಣ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅಂದಿನಿಂದ ಅವನ ಹೆಸರೇ 'ಬಂತು' ಎಂದಾಯಿತು. ಮೇಷ್ಟ್ರೂ ಪ್ರೀತಿಯಿಂದ ಹಾಗೇ ಕರೆಯುತ್ತಿದ್ದರು. ಇಷ್ಟು ಜನರ ಬಾಯಲ್ಲಿ ಹೆಸರು ನಿಂತಿತಲ್ಲ, ಪುಣ್ಯವಂತ ಎಂದುಕೊಂಡಿದ್ದರು.

ಈ ವರ್ಷದ ಪಂದ್ಯಾವಳಿ ಶುರುವಾಯಿತು. ಮೊದಲ ಸುತ್ತಿನ ಮೂರು ಪಂದ್ಯಗಳಲ್ಲಿ ಮೊದಲೆರಡೂ ಗೋಲಿಲ್ಲದೆ ಡ್ರಾ. ಕೊನೆಯದನ್ನು ಗೆದ್ದರೆ ಉಂಟು, ಇಲ್ಲದಿದ್ದರೆ ಸಿಮೆಂಟು. ಅದರ ಹಿಂದಿನ ದಿನ 'ಬಂತು' ಹೊಟ್ಟೆನೋವೆಂದು ಅಭ್ಯಾಸಕ್ಕೆ ಬರಲಿಲ್ಲ. ಮೇಷ್ಟ್ರು ಸಂಜೆ ಅವನ ಮನೆಗೇ ಹೊರಟರು.

ಮನೆಯ ಮುಂದಿನ ಕೋಣೆಯೇ ಇಸ್ತ್ರಿ ಅಂಗಡಿ. ಹುಡುಗನ ಅಜ್ಜಿ ಯಾರದೋ ಅಂಗಿಯ ಕಾಲರಿಗೆ ಪೆಟ್ಟಿಗೆ ಒತ್ತುತ್ತಿದ್ದಳು. ಮೇಷ್ಟ್ರು ಮೈದಾನದ ಕಥೆ, ಮಂಡಳಿಯ ಕಥೆ, ಎಡಗಾಲಿನ ಮಹಿಮೆ ಎಲ್ಲ ಒಂದೇ ಉಸಿರಿಗೆ ಹೇಳಿದರು. ಅಜ್ಜಿ ಒಂದು ಅಂಗಿ ಮಡಚಿ, ಎರಡನೆಯದೂ ಮಡಚಿದಳು.

"ಆಯ್ತಾ ಮೇಷ್ಟ್ರೇ?"

"ಇನ್ನೂ ಸ್ವಲ್ಪ ಇದೆ ಅಜ್ಜಿ."

"ಅದು ಇರ್ಲಿ. ನಾನು ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನನ್ನ ಮೊಮ್ಮಗನ್ನ ಆಟಕ್ಕೆ ಕಳಿಸ್ತೀನಿ. ಎಷ್ಟು ಬೇಕಾದ್ರೂ ಓಡಿಸ್ಕೊಳ್ಳಿ. ಗೋಲು ಹೊಡೆಯೋಕೆ ಮಾತ್ರ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಮೇಷ್ಟ್ರಿಗೆ ತಾವು ಕೇಳಿದ್ದು ಸರಿಯೇ ಎಂದು ತಿಳಿಯಲಿಲ್ಲ. "ಯಾಕೆ ಅಜ್ಜಿ?"

"ಯಾಕೆ ಅಂತ ಕೇಳ್ತೀರಲ್ಲ. ಹೋದ ಸಲ ಅದೇನೋ ಹೊಡೆದುಬಿಟ್ಟ. ಸ್ಟೇಜ್ ಮೇಲೆ ನಿಲ್ಲಿಸಿ ಮಾನ ಕಳೆದ್ರಿ. ಎರಡು ದಿನ ಊಟ ಮುಟ್ಟಲಿಲ್ಲ ಮಗು. ಈಗ ಬೀದೀಲಿ ಹೋದ್ರೆ ತರಕಾರಿ ಮಾರೋನೂ 'ಬಂತಾ?' ಅಂತಾನೆ. ಅವನ ಗತಿ ನೋಡಿ ಉಳಿದೋರಿಗೂ ಗುಂಡಿಗೆ ನಡುಗಿಹೋಗಿದೆ. ಹುಡುಗರೆಲ್ಲ ಇದೇ ಕೋಣೇಲಿ ಕೂತು ಮಾತಾಡ್ಕೊಂಡ್ರು. ಚೆಂಡು ಕಾಲಿಗೆ ಬಂದ್ರೆ ಪಕ್ಕದವನಿಗೆ ದಾಟಿಸೋದು, ಯಾರ ತಲೆ ಮೇಲೂ ಬರಬಾರದು ಅಂತ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

ಅಜ್ಜಿ ಮೂರನೆಯ ಅಂಗಿ ಕೈಗೆತ್ತಿಕೊಂಡಳು. ಅವಳ ಮುಖದಲ್ಲಿ ನಗು ಬಂದು, ಮಾನವಂತರ ಎದುರು ನಗಬಾರದೆಂದು ನಿಂತಿತು.

ಮೇಷ್ಟ್ರು ಮನೆಗೆ ಬಂದಾಗ ಅವರ ಹೆಂಡತಿ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದರು. ಆಕೆ ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಜನಕ್ಕೆ ಬಾಯಿ ತೆಗೀರಿ ಎಂದು ಹೇಳಿ ಸಾಕಾಗಿ, ಮನೆಗೆ ಬಂದು ಗಂಡನಿಗೆ ಮುಚ್ಚಿ ಎಂದು ಹೇಳುವುದು ಅವರ ಹಣೆಬರಹ. ನಡೆದದ್ದನ್ನು ಕೇಳಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಅಲ್ಲ ಕಣೇ, ಇಷ್ಟು ದಿನ ಒಬ್ಬನಾದ್ರೂ ಬಾಯಿ ಬಿಟ್ಟು ಹೇಳಬಾರದಾ?"

"ಯಾವಾಗ ಹೇಳ್ಬೇಕು? ಹೇಳೋಕೆ ನೀವು ಮಧ್ಯೆ ಉಸಿರಾದ್ರೂ ತಗೋಬೇಕಲ್ಲ."

"ನಾನು ಅವರ ಒಳ್ಳೇದಕ್ಕೇ ಮಾಡಿದ್ದು. ಆ ಸ್ಟೇಜ್ ನನಗೆ ಸಿಕ್ಕಿದ್ರೆ..."

"ನಿಮಗೆ ಬೇಕಾಗಿತ್ತು. ಅದಕ್ಕೆ ಅವರ ಕುತ್ತಿಗೆಗೆ ಕಟ್ಟಿದ್ರಿ," ಎಂದರು ಆಕೆ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಹೆಚ್ಚು ನೋಯಿಸಿತು.

ಮೇಷ್ಟ್ರು ಚೌಕಾಸಿಗೆ ಇಳಿದರು. "ಹುಡುಗರು ಮಾತಾಡೋದು ಬೇಡ. ಸುಮ್ಮನೆ ಹತ್ತಿ ನಿಲ್ಲಲಿ. ನಾನೇ ಎರಡು ಮಾತು..."

"ಒಂದೂ ಬೇಡ."

"ಒಂದು ಚಪ್ಪಾಳೆ?"

"ರೀ, ನಿಮಗೆ ಮೈದಾನ ಬೇಕೋ, ಮೈಕ್ ಬೇಕೋ?"

ಇದಕ್ಕೆ ತಟ್ಟನೆ ಉತ್ತರ ಹೊರಡಲಿಲ್ಲವಲ್ಲ ಎಂದು ಮೇಷ್ಟ್ರಿಗೆ ತಮ್ಮ ಮೇಲೇ ನಾಚಿಕೆಯಾಯಿತು.

ಮರುದಿನ ಪಂದ್ಯಕ್ಕೆ ಮುಂಚೆ ಹುಡುಗರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತಲೆ ತಗ್ಗಿಸಿ ಕೂತಿದ್ದರು. ಅಜ್ಜಿ ದಬ್ಬಿ ಕಳಿಸಿದ್ದರಿಂದ ಬಂತು ಕೂಡ ಬಂದಿದ್ದ. ದೊಡ್ಡ ಭಾಷಣಕ್ಕೆ ಎಲ್ಲರೂ ಬೆನ್ನು ಗೋಡೆಗೆ ಕೊಟ್ಟು ಅಣಿಯಾಗಿದ್ದರು. ಮೇಷ್ಟ್ರು ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು.

"ಸೋಮವಾರ ಸ್ಟೇಜ್ ಇಲ್ಲ. ಯಾರು ಗೋಲು ಹೊಡೆದ್ರೂ ಇಲ್ಲ. ಇನ್ನು ಮುಂದೆ ಯಾವತ್ತೂ ಇಲ್ಲ."

ಲಾರಿ ಎಂದು ಕರೆಸಿಕೊಳ್ಳುತ್ತಿದ್ದ ದಪ್ಪನೆಯ ಡಿಫೆಂಡರ್ ಕೈಯೆತ್ತಿದ. "ಸಾರ್, ಪ್ರಿನ್ಸಿಪಾಲರು ಕರೆದ್ರೆ?"

"ನಾನು ನೋಡ್ಕೋತೀನಿ."

"ಪೇಪರಿನವರು ಕೇಳಿದ್ರೆ?"

"ಗಂಟಲು ಕಟ್ಟಿದೆ ಅಂತ ಹೇಳು."

"ನೀವು ಬಸ್ಸಲ್ಲಿ ಕೇಳಿದ್ರೆ ಸಾರ್?"

ಮೇಷ್ಟ್ರು ಇದನ್ನು ನಿರೀಕ್ಷಿಸಿರಲಿಲ್ಲ. "ಬಸ್ಸಲ್ಲಿ ಮಲಗ್ತೀನಿ," ಎಂದು ಹೇಳಿ ಹೊರಗೆ ಹೋದರು. ಅವರು ಬದುಕಿನಲ್ಲೇ ಅದಕ್ಕಿಂತ ಚಿಕ್ಕ ಭಾಷಣ ಮಾಡಿದ್ದಿಲ್ಲ.

ಆಟ ಶುರುವಾಯಿತು. ಎದುರಾಳಿ ಗೋಲ್‌ಕೀಪರನಿಗೆ ನಮ್ಮವರ ಸಭ್ಯತೆ ಮೊದಲೇ ಗೊತ್ತು. ಕಂಬಕ್ಕೆ ಒರಗಿ, ಹಿಂದೆ ನಿಂತ ಗೆಳೆಯನ ಜೊತೆ ಹರಟೆ ಹೊಡೆಯುತ್ತಿದ್ದ. ಬಂತು ಚೆಂಡು ತಂದ. ಗೋಲಿನ ಎದುರು ಅಭ್ಯಾಸಬಲದಿಂದ ಪಕ್ಕದವನ ಕಡೆ ನೋಡಿದ. ಆಮೇಲೆ ಗೆರೆಯಾಚೆ ನಿಂತ ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಬಂತು ಒದ್ದ. ಚೆಂಡು ಹೋಗಿ ಬಲೆಯಲ್ಲಿ ಕೂತ ಮೇಲೆ ಗೋಲ್‌ಕೀಪರ್ ಹರಟೆ ನಿಲ್ಲಿಸಿದ.

ಆಮೇಲೆ ಕಟ್ಟೆ ಒಡೆಯಿತು. ಇಷ್ಟು ದಿನ ಅದುಮಿಟ್ಟಿದ್ದ ಗೋಲುಗಳನ್ನೆಲ್ಲ ಹುಡುಗರು ಅಂದೇ ತೀರಿಸಿಕೊಂಡರು. ಪೆನಾಲ್ಟಿ ಸಿಕ್ಕಾಗ ನಾನು ತಾನೆಂದು ನೂಕಾಡಿದರು. ಜನ್ಮದಲ್ಲಿ ಮೈದಾನದ ನಡುಗೆರೆ ದಾಟದ ಲಾರಿ ಕೂಡ ಅಲ್ಲಿಂದ ಹೊರಟು, ಅಡ್ಡ ಬಂದವರನ್ನೆಲ್ಲ ಬದಿಗೆ ಸರಿಸಿ, ಚೆಂಡಿನ ಜೊತೆ ತಾನೂ ಬಲೆಯೊಳಗೆ ಹೋಗಿ ಬಿದ್ದ. ಐದು ಗೋಲು! ಕಾರ್ಯದರ್ಶಿಗಳೇ ಬಂದು ಮೇಷ್ಟ್ರ ಕೈ ಕುಲುಕಿ, "ಕಾರು ಹಿಂದುಗಡೆ ನಿಲ್ಲಿಸ್ಕೊಳ್ಳೋಣ ಬಿಡಿ," ಎಂದರು. ಬಸ್ಸಿನಲ್ಲಿ ಹುಡುಗರು ಕುಣಿಯುತ್ತಿದ್ದರೆ ಮೇಷ್ಟ್ರು ಮಾತಿಗೆ ತಪ್ಪದೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಎಲ್ಲಿಂದ ಬರಬೇಕು?

ಸೋಮವಾರ ಸಭಾಂಗಣ ತುಂಬಿತು. ಪ್ರಿನ್ಸಿಪಾಲರು ಮುಖವರಳಿಸಿ, "ಮೇಷ್ಟ್ರೇ, ಬನ್ನಿ, ನಿಮ್ಮ ವೀರರನ್ನ ಕರೀರಿ," ಎಂದು ಮೈಕ್ ಚಾಚಿದರು. ಹುಡುಗರು ಕುರ್ಚಿಯಲ್ಲೇ ಕುಗ್ಗಿದರು. ಮೇಷ್ಟ್ರು ಎದ್ದರು. ಮೈಕ್ ಕೈಗೆಟುಕುವಷ್ಟು ಹತ್ತಿರವಿತ್ತು, ಬೆರಳು ತುರಿಸಿದವು. ಐದು ಗೋಲಿಗೆ ಐದು ಪರಿಚಯ ಅವರ ನಾಲಿಗೆಯ ತುದಿಯಲ್ಲೇ ಇದ್ದವು.

"ಇವತ್ತು ಏನೂ ಇಲ್ಲ ಸಾರ್," ಎಂದು ಹೇಳಿ ಕೂತುಬಿಟ್ಟರು.

ಪ್ರಿನ್ಸಿಪಾಲರು ಇವರಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡು ಪರೀಕ್ಷೆಯ ವೇಳಾಪಟ್ಟಿ ಓದಿದರು. ಮೇಷ್ಟ್ರಿಗೆ ದುಃಖವಾಯಿತು. ಗೆದ್ದೆನೆಂಬ ಖುಷಿಯ ಪಕ್ಕದಲ್ಲೇ ಕೂತಿದ್ದ ದುಃಖ ಅದು, ಸುಳ್ಳು ಯಾಕೆ ಹೇಳಬೇಕು. ಸಭೆ ಮುಗಿದದ್ದೇ ಯಾರಿಗೂ ಮುಖ ತೋರಿಸದೆ ಆಟದ ಸಾಮಾನಿನ ಕೋಣೆಗೆ ಹೋಗಿ ಚೆಂಡಿಗೆ ಗಾಳಿ ಹೊಡೆಯುತ್ತ ಕೂತರು.

ಬಾಗಿಲಲ್ಲಿ ನೆರಳು ಬಿತ್ತು. ಎಡಗಾಲಿನ ಹುಡುಗ ನಿಂತಿದ್ದ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದವರು ಹಾಗೇ ಮುಚ್ಚಿದರು. ಹುಡುಗ ಒಳಗೆ ಬಂದು, ಅಲ್ಲಿದ್ದ ಹಳೆಯ ಬೂಟೊಂದನ್ನು ಕಾಲಿನಿಂದ ಅತ್ತಿತ್ತ ಸರಿಸಿದ.

"ಸಾರ್, ಆ ಮೊದಲನೇ ಗೋಲು ಇದೆಯಲ್ಲ," ಎಂದ.

ಮೇಷ್ಟ್ರು ಪಂಪು ಕೆಳಗಿಟ್ಟರು.

"ಅವನು ಎಡಗಡೆ ನಿಂತಿದ್ದ ಸಾರ್. ಇಲ್ಲಿ." ಹುಡುಗ ಬೂಟನ್ನು ಎಡಕ್ಕಿಟ್ಟ. ಇನ್ನೊಂದನ್ನು ಬಲಕ್ಕಿಟ್ಟ. ಬಕೆಟ್ಟು ಗೋಲ್‌ಕೀಪರ್ ಆಯಿತು. ಲಾರಿ ಎಲ್ಲಿಂದ ಚೆಂಡು ಕೊಟ್ಟ, ತನಗೆ ಯಾಕೆ ಹೆದರಿಕೆಯಾಯಿತು, ಆಮೇಲೆ ಯಾಕೆ ಆಗಲಿಲ್ಲ, ಎಲ್ಲ ಹೇಳುತ್ತ ಹೋದ. ಕೈ ಬೀಸಿದ, ಕೋಣೆ ತುಂಬ ಓಡಾಡಿದ. ಒಂದೆರಡು ಕಡೆ ಅವನು ಹೇಳಿದ್ದು ತಪ್ಪು, ಚೆಂಡು ಕೊಟ್ಟವನು ಲಾರಿಯಲ್ಲ. ಗಂಟಲವರೆಗೂ ಬಂದ ತಿದ್ದುಪಡಿಯನ್ನು ಮೇಷ್ಟ್ರು ನುಂಗಿಕೊಂಡರು. ಎರಡನೆಯ ಗೋಲಿಗೆ ಬರುವಷ್ಟರಲ್ಲಿ ತಂಡದ ಇನ್ನೂ ನಾಲ್ಕಾರು ಜನ ಬಾಗಿಲಲ್ಲಿ ಸೇರಿಕೊಂಡು, "ಹಾಗಲ್ಲ ಕಣೋ," ಎಂದು ತಾವೂ ಬಾಯಿ ಹಾಕಿದರು. ಕ್ಲಾಸಿನ ಗಂಟೆ ಹೊಡೆಯಿತು, ಯಾರೂ ಕದಲಲಿಲ್ಲ.

ಹುಡುಗ ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಂತ. ಮೇಷ್ಟ್ರು ಚೆಂಡಿನ ಮೂಟೆಯ ಮೇಲೆ ಮುಂದಕ್ಕೆ ಬಾಗಿ ಕೂತು, ಮೆಲ್ಲಗೆ ಕೇಳಿದರು.

"ಆಮೇಲೆ?"