ಅಕ್ಕನ ದಿಂಬಿನ ಚೀಲಗಳ ಕೌದಿ

ಅಕ್ಕ ತೀರಿಕೊಂಡಾಗ ಅವಳ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಕಾಮಾಲೆ ಅಂತ ಗೊತ್ತಾಗಿದ್ದೇ ತಡವಾಗಿ. ಹಡಗಲಿಯಿಂದ ದಾವಣಗೆರೆಗೆ ಕರೆದೊಯ್ಯುವಷ್ಟರಲ್ಲಿ ಕೈಮೀರಿತ್ತು. ದಿನಕರ್ಮ ಮುಗಿದ ಮೇಲೆ ಅವ್ವ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದಳು. ಅಕ್ಕನ ಗಂಡನ ಮನೆಯವರು ಯಾರೂ ಬೇಡ ಅನ್ನಲಿಲ್ಲ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಅಪ್ಪನದು ಬಜಾರಿನಲ್ಲಿ ಟೈಲರ್ ಅಂಗಡಿ. ಉಳಿದ ಚೂರು ಬಟ್ಟೆಯಲ್ಲಿ ಅವನು ಮೊಮ್ಮಗಳಿಗೆ ಫ್ರಾಕು ಹೊಲಿಯುತ್ತಿದ್ದ. ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ. ಕೂಸು ಅವ್ವನನ್ನು ನಾನು ಕರೆಯುವಂತೆಯೇ ‘ಅವ್ವ’ ಅನ್ನಲು ಕಲಿಯಿತು. ತಿದ್ದುವ ಮನಸ್ಸು ನಮ್ಮಲ್ಲಿ ಯಾರಿಗೂ ಆಗಲಿಲ್ಲ.

ಅವಳಿಗೆ ಮಾತು ಚೆನ್ನಾಗಿ ಬರತೊಡಗಿದ್ದ ಕಾಲಕ್ಕೆ ಒಂದು ದಿನ ಅಕ್ಕನ ಗಂಡ ಬಂದ. ನಾನು ಅವನನ್ನು ಮಾವ ಅಂತ ಕರೆಯುತ್ತಿದ್ದೆ. ಒಳ್ಳೆಯ ಮನುಷ್ಯ. ಚಹಾ ಆರಿ ಹೋಗುವ ತನಕ ತಲೆ ತಗ್ಗಿಸಿ ಕೂತಿದ್ದು, ಆಮೇಲೆ ಅವ್ವನಿಗೆ ಹೇಳಿದ:

‘ಅತ್ತಿ, ಮನ್ಯಾಗ ನನಗ ಇನ್ನೊಂದು ಮದುವಿ ಗೊತ್ತು ಮಾಡ್ಯಾರ. ಹರಪನಹಳ್ಳಿ ಕಡೀದು ಹೆಣ್ಣು. ಕೂಸು ಐತಿ ಅಂತ ಹೇಳೇವಿ. ಆಕಿನೂ ಹೂಂ ಅಂದಾಳ.’

‘ಚಲೋ ಆತು ಬಿಡ್ರಿ,’ ಅಂದಳು ಅವ್ವ. ಆರಿದ ಚಹಾದ ಲೋಟ ಎತ್ತಿಕೊಳ್ಳುತ್ತ, ‘ಕೂಸು ಇಲ್ಲೇ ಇರ್ಲೇನ್ರಿ?’ ಎಂದು ಕೇಳಿದಳು.

‘ಇಲ್ರಿ ಅತ್ತಿ. ನನ್ನ ಮಗಳು ನನ್ನ ಮನ್ಯಾಗ ಬೆಳೀಬೇಕು. ಬರಾಕಿಗೂ ಈಕಿನ್ನ ತನ್ನ ಮಗಳು ಅಂತ ಮಾಡ್ಕೊಳ್ಳಾಕ ಬಿಡಬೇಕಲ್ರಿ. ಹಿಂದಿಂದು ಕೂಸಿಗೆ ಈಗ ಏನೂ ಹೇಳೂದು ಬ್ಯಾಡ.’

ಹೊರಡುವಾಗ ಒಂದು ಚೀಲ ಇಟ್ಟು ಹೋದ. ‘ಇವನ್ನ ಅಲ್ಲಿ ಇಟ್ಟುಕೊಳ್ಳಾಕ ಬರಂಗಿಲ್ರಿ. ಸುಡಾಕ ಮನಸ್ಸಾಗಲಿಲ್ಲ,’ ಅಂದ.

ಚೀಲದಲ್ಲಿದ್ದದ್ದು ಅಕ್ಕ ಮದುವೆಗೆ ಮುಂಚೆ ಕಸೂತಿ ಹಾಕಿದ್ದ ಬಟ್ಟೆಗಳು. ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದ ದಿನಗಳಲ್ಲಿ ಅವಳಿಗೆ ಅದೇ ಹುಚ್ಚು. ಅಪ್ಪನ ಅಂಗಡಿಯ ಬಿಳಿ ಬಟ್ಟೆಗೆ ಕಾರ್ಬನ್ ಹಾಳೆ ಇಟ್ಟು ಹೂ ಬಿಡಿಸಿಕೊಂಡು, ಕಟ್ಟಿಗೆಯ ರಿಂಗಿಗೆ ಬಿಗಿದು, ಬಾಗಿಲ ಬೆಳಕಿಗೆ ಕೂತುಬಿಡುತ್ತಿದ್ದಳು. ದಿಂಬಿನ ಚೀಲ, ಮೇಜಿನ ಹಾಸು, ಟಿವಿ ಮುಚ್ಚಲು ಒಂದು ಬಟ್ಟೆ. ನಮ್ಮ ಮನೆಯಲ್ಲಿ ಟಿವಿಯೇ ಇರಲಿಲ್ಲ. ‘ಅವರ ಮನ್ಯಾಗ ಐತಂತ,’ ಎಂದು ನಾಚುತ್ತ ನಕ್ಕಿದ್ದಳು. ಒಂದು ಗಿಣಿಗೆ ಹಸಿರು ದಾರ ಸಾಲದೆ ಅರ್ಧ ಮೈ ನೀಲಿ ಮಾಡಿದ್ದಳು. ಒಂದು ಜೋಡಿ ದಿಂಬಿನ ಚೀಲದ ಮೇಲೆ ಅವಳ ಹೆಸರಿನ ಮೊದಲ ಅಕ್ಷರ, ಮಾವನ ಹೆಸರಿನ ಮೊದಲ ಅಕ್ಷರ, ನಡುವೆ ಒಂದು ಗುಲಾಬಿ. ಆ ಬಟ್ಟೆಗಳಲ್ಲಿ ಇನ್ನೂ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಅವ್ವ ಒಂದನ್ನು ಮುಖಕ್ಕೆ ಒತ್ತಿಕೊಂಡು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನವೇ ಕೂಸಿಗೆ ಹೊದೆಯಲು ಕೌದಿ ಹೊಲಿಯಲು ಕೂತಳು. ಪಡಸಾಲೆಯಲ್ಲಿ ತನ್ನದೊಂದು ಹಳೆಯ ಇಳಕಲ್ ಸೀರೆ ಹಾಸಿ, ಸರಿಯದಂತೆ ಮೂಲೆಗಳಿಗೆ ಕಲ್ಲಿಟ್ಟಳು. ಅದರ ಮೇಲೆ ಅಪ್ಪನ ಸವೆದ ಧೋತರ. ಮೇಲ್ಗಡೆಗೆ ಬೇಕಾದ ಚೂರುಗಳನ್ನು ಅಪ್ಪ ಅಂಗಡಿಯಿಂದ ಗಂಟು ಕಟ್ಟಿ ತಂದಿದ್ದ. ಅಕ್ಕನ ಕಸೂತಿ ಎಲ್ಲಕ್ಕಿಂತ ಮೇಲೆ, ನಟ್ಟನಡುವೆ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಅವ್ವ ಅವನ್ನು ಬಿಚ್ಚಿ, ತೀಡಿ, ಧೋತರದ ಮೇಲೆ ಒಂದೊಂದಾಗಿ ಹರಡಿದಳು. ಆಮೇಲೆ ಚೂರು ಬಟ್ಟೆಗಳಿಂದ ಮುಚ್ಚತೊಡಗಿದಳು.

‘ಯಾಕವ್ವಾ, ಕಾಣಂಗಿಲ್ಲಲ್ಲ!’

‘ಕಾಣಬಾರದು. ಹೊಸದಾಗಿ ಬಂದ ಹುಡುಗಿ ದಿನಾ ಹಾಸಿ ಮಡಚುವಾಗ ಇದನ್ನ ನೋಡಬೇಕೇನು? ಆಕಿದೇನು ತಪ್ಪೈತಿ? ಕೂಸಿನ ಮೈ ಮ್ಯಾಲ ಇದ್ರ ಸಾಕು.’

ಕೂಸು ಬಟ್ಟೆಯ ಮೇಲೆಯೇ ಉರುಳಾಡುತ್ತಿತ್ತು. ನೀಲಿ ಗಿಣಿಯ ಮೇಲೆ ಕೆಂಪು ಚೂರು ಬಿದ್ದದ್ದನ್ನು ಕಂಡು, ‘ಅವ್ವಾ, ಗಿಣಿ ಎಲ್ಲಿ ಹೋತು?’ ಅಂತ ಕೇಳಿತು.

‘ಮಕ್ಕೊಂಡೈತವ್ವ. ಎಬ್ಬಿಸಬ್ಯಾಡ.’

ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿನ ತನಕ ಸಣ್ಣ ಸಾಲು ಹೊಲಿಗೆ. ನಾನೂ ಒಂದು ಕಡೆ ಕೂತು ಹೊಲಿದೆ. ಸೂಜಿ ಕಸೂತಿಯ ದಾರದ ಮೇಲೆ ಬಂದಾಗ ಬೆರಳಿಗೆ ತಿಳಿಯುತ್ತಿತ್ತು, ಅಲ್ಲಿ ಗಂಟುಗಂಟಾಗಿ ಬಿರುಸಾಗಿರುತ್ತಿತ್ತು. ಅವ್ವ ಅಂಥ ಕಡೆ ಕೈ ನಿಧಾನ ಮಾಡುತ್ತಿದ್ದಳು. ಕೊನೆಯ ಹೊಲಿಗೆಗೆ ಮುಂಚೆ ನಡುವೆ ಒಂದು ಚೂರು ರೊಟ್ಟಿ ಇಟ್ಟು ಮುಚ್ಚಿದಳು. ಕೌದಿಯ ಹೊಟ್ಟೆ ಹಸಿದಿರಬಾರದು ಅನ್ನುವುದು ಅವಳ ತವರಿನವರ ರೂಢಿ.

ಕರೆದೊಯ್ಯಲು ಮಾವ ಒಬ್ಬನೇ ಬಂದ. ಬಸ್‌ಸ್ಟ್ಯಾಂಡಿನ ತನಕ ಕೌದಿಯನ್ನು ಅಪ್ಪ ಹೆಗಲ ಮೇಲೆ ಹೊತ್ತಿದ್ದ. ಬಸ್ಸು ಅಂದರೆ ಕೂಸಿಗೆ ಬಲು ಖುಷಿ. ಕಿಟಕಿಯ ಪಕ್ಕ ಕೂತು ಕೈ ಬೀಸುತ್ತಿತ್ತು. ಬಸ್ಸು ಹೊರಟಾಗ ಅವ್ವ ಹತ್ತಲಿಲ್ಲ ಅನ್ನುವುದು ಅದಕ್ಕೆ ಗೊತ್ತಾಯಿತು. ಅದು ಕಿರುಚಿದ್ದು ನನಗೆ ಈಗಲೂ ಕೇಳುತ್ತದೆ. ಅಪ್ಪ ಅಲ್ಲಿಂದ ನೇರ ಅಂಗಡಿಗೆ ಹೋದ. ಹೋದರೂ ಆ ದಿನ ಮಶೀನಿನ ಮುಂದೆ ಕೂರಲಿಲ್ಲ ಅಂತ ಪಕ್ಕದ ಅಂಗಡಿಯವರು ಹೇಳಿದರು.

ನಾಗರ ಪಂಚಮಿಗೆ ಶೇಂಗಾ ಉಂಡಿ ಕಟ್ಟಿಕೊಂಡು ಅವ್ವ, ನಾನು ಹಡಗಲಿಗೆ ಹೋದೆವು. ಮಾವನ ಹೊಸ ಹೆಂಡತಿ ಕಾಲಿಗೆ ನೀರು ಕೊಟ್ಟಳು, ಮಂಡಕ್ಕಿ ಒಗ್ಗರಣೆ ಮಾಡಿದಳು. ಮಂಚದ ಮೇಲೆ ಕೌದಿ ಮಡಚಿಟ್ಟಿತ್ತು. ಕೂಸು ಅವಳ ಸೀರೆಯ ನೆರಿಗೆ ಹಿಡಿದುಕೊಂಡು ನಮ್ಮನ್ನು ನೋಡುತ್ತ ನಿಂತಿತು. ಅವ್ವ ಕೈ ಚಾಚಿದಳು. ಕೂಸು ಒಂದು ಗಳಿಗೆ ಯೋಚಿಸಿ, ಓಡಿ ಬಂದು ಅವ್ವನ ಕೊರಳಿಗೆ ಬಿತ್ತು. ಸಂಜೆ ಹೊರಟಾಗ ಮತ್ತೆ ಅದೇ ಕಿರುಚಾಟ. ಮಾವನ ತಾಯಿ ಅಂಗಳದ ತನಕ ಬಂದು ಅವ್ವನ ಕೈ ಹಿಡಿದುಕೊಂಡರು.

‘ಬೀಗತಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕೂಸು ಈಗೀಗ ಆಕಿನ್ನ ಹಚ್ಕೊಳ್ಳಾಕ ಹತ್ತೈತಿ. ನೀವು ಬಂದ್ರ ಮತ್ತ ಮೊದಲಿನಂಗ ಆಗತೈತಿ. ಒಂದಷ್ಟು ವರ್ಷ ಬರಬ್ಯಾಡ್ರಿ.’

ಅವ್ವ ಹೂಂ ಅಂದಳು. ಆಮೇಲೆ ಹೋಗಲಿಲ್ಲ. ಒಂದಷ್ಟು ವರ್ಷ ಕಳೆದ ಮೇಲೂ ‘ಈಗ ಬರ್ರಿ’ ಅಂತ ಆ ಕಡೆಯಿಂದ ಯಾರೂ ಹೇಳಿ ಕಳಿಸಲಿಲ್ಲ.

ನನ್ನ ಮದುವೆಯಾಗಿ ನಾನು ಕೂಡ್ಲಿಗಿಗೆ ಬಂದೆ. ಹಗರಿಬೊಮ್ಮನಹಳ್ಳಿಯಲ್ಲಿ ಒಂದು ಮದುವೆಗೆ ಹೋದಾಗ, ಊಟದ ಸಾಲಿನಲ್ಲಿ ಎದುರಿಗೆ ಅಕ್ಕನೇ ಕೂತಂತೆ ಕಂಡಿತು. ಅದೇ ಹಣೆ, ಅದೇ ತುಸು ಮುಂದೆ ಬಂದ ಹಲ್ಲು. ಎರಡು ಜಡೆ, ಮಲ್ಲಿಗೆ ಮಾಲೆ. ಪಕ್ಕದಲ್ಲಿದ್ದ ಅವಳ ತಾಯಿ, ಮಾವನ ಎರಡನೆಯ ಹೆಂಡತಿ, ನನ್ನನ್ನು ಗುರುತು ಹಿಡಿದು ಬೆಳ್ಳಗಾದಳು. ‘ನಮ್ಮ ಸಂಬಂಧಿಕರವ್ವ. ನಮಸ್ಕಾರ ಮಾಡು,’ ಅಂದಳು ಮಗಳಿಗೆ. ಹುಡುಗಿ ನಕ್ಕು, ‘ನಮಸ್ಕಾರ್ರೀ ಆಂಟಿ,’ ಅಂತ ಹೇಳಿ ಗೆಳತಿಯರ ಕಡೆ ಓಡಿದಳು.

ಕೈ ತೊಳೆಯುವಲ್ಲಿ ಆ ತಾಯಿ ನನ್ನ ಹಿಂದೆಯೇ ಬಂದಳು.

‘ಆ ಕೌದಿ ಹರಿದಿತ್ರಿ,’ ಅಂದಳು. ‘ಒಗಿಯುವಾಗ ನೀಲಿ ದಾರ ಕಂಡ್ತು. ಇನ್ನಷ್ಟು ಬಿಚ್ಚಿ ನೋಡಿದೆ, ಅಕ್ಷರ ಇದ್ದುವು. ನನಗ ಕಾಣಬಾರದು ಅಂತ ಒಳಗ ಇಟ್ಟು ಹೊಲದಾರ ಅಂತ ತಿಳೀತು. ಅವತ್ತು ಭಾಳ ಅತ್ತೆನ್ರಿ.’

‘ಆಕಿಗೆ ತೋರಿಸಿದಿ ಏನವ್ವ?’

‘ಇಲ್ರಿ. ನನ್ನ ಸೀರಿ ಹರಿದು ಮ್ಯಾಲ ತೇಪಿ ಹಚ್ಚಿದೆ. ನನಗ ಹೊಟ್ಟೀಲೆ ಮಕ್ಕಳಾಗಲಿಲ್ಲ. ಇರಾಕಿ ಆಕಿ ಒಬ್ಬಾಕಿನ. ಹೇಳಬೇಕು ಅಂತೀನಿ, ಬಾಯಿ ಬರವಲ್ದು.’

ಅವಳ ಮೇಲೆ ಸಿಟ್ಟಾಗಬೇಕು ಅಂತ ನಾನು ಎಷ್ಟೋ ವರ್ಷದಿಂದ ಕಾದಿದ್ದೆ. ನಲ್ಲಿಯ ಹತ್ತಿರ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ ಅವಳ ಮೇಲೆ ಆ ಸಿಟ್ಟು ಬರಲೇ ಇಲ್ಲ. ಅದು ಬಂದಿದ್ದರೆ ಎದೆ ಸ್ವಲ್ಪ ಹಗುರಾಗುತ್ತಿತ್ತೋ ಏನೋ.

ಮರುದಿನ ಕೊಟ್ಟೂರಿಗೆ ಹೋಗಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವ್ವನಿಗೆ ಆಗ ಕಣ್ಣಿನ ಪೊರೆ ಬಂದು ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಹೆಸರು ಕಾಳು ಹಸನು ಮಾಡುತ್ತ ಕೇಳಿಸಿಕೊಂಡಳು. ಮೊರ ಕೆಳಗಿಟ್ಟು,

‘ಎಷ್ಟೆತ್ತರ ಆಗ್ಯಾಳ?’ ಅಂತ ಕೇಳಿದಳು.

ನಾನು ಎದ್ದು ನಿಂತು ನನ್ನ ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದೆ. ಅವಳಿಗೆ ಸರಿಯಾಗಿ ಕಾಣಲಿಲ್ಲ. ಹತ್ತಿರ ಬಂದು, ನನ್ನ ಕೈ ಇದ್ದ ಜಾಗವನ್ನು ಮುಟ್ಟಿ ನೋಡಿದಳು.