ಕಳ್ಳ ಜರೀಗಿಡ

ದೆವ್ವ, ಗಾಳಿ, ದೃಷ್ಟಿ ಇವನ್ನೆಲ್ಲ ನಾನು ನಂಬಿದವಳಲ್ಲ. ಮನೆಗೆ ಬಂದವರು ಇಂಥ ಕಥೆ ಶುರು ಮಾಡಿದರೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುವ ಸ್ವಭಾವ ನನ್ನದು. ಜಯನಗರದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಕಲಿಸಿದೆ. ಮನುಷ್ಯರು ಸುಳ್ಳು ಹೇಳಬಹುದು, ಕಲ್ಲು ಹೇಳುವುದಿಲ್ಲ ಎಂದುಕೊಂಡಿದ್ದೆ.

ಆದರೆ ಸುಳ್ಳು ಹೇಳುವ ಕಲ್ಲು ಒಂದು ನಮ್ಮಲ್ಲೇ ಇತ್ತು. ಅಂಗೈಯಗಲದ ಬಿಳಿ ಸುಣ್ಣಕಲ್ಲು, ಅದರ ಮೇಲೆ ಕಪ್ಪಗೆ ಜರೀಗಿಡದ, ಅಂದರೆ ಫರ್ನಿನ, ಎಲೆ. ಅಸಲಿಗೆ ಅದು ಎಲೆಯೇ ಅಲ್ಲ, ಕಲ್ಲಿನ ಬಿರುಕಿಗೆ ಮ್ಯಾಂಗನೀಸ್ ಬೆರೆತ ನೀರು ಇಳಿದು ಮೂಡಿಸಿದ ಕಲೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿಜವಾದ ಪಳೆಯುಳಿಕೆಗಳ ನಡುವೆ ಇದನ್ನೂ ಇಡುವುದು ನಮ್ಮ ವಿಭಾಗದ ಪದ್ಧತಿ. ಪ್ರತಿ ವರ್ಷ ಅರ್ಧ ತರಗತಿ ‘ಜರೀಗಿಡ’ ಎಂದು ಬರೆದು ಹಳ್ಳಕ್ಕೆ ಬೀಳುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಬುದ್ಧಿ ಹೇಳಿ ಎರಡು ಅಂಕ ಕತ್ತರಿಸುತ್ತಿದ್ದೆ, ಒಳಗೊಳಗೇ ಖುಷಿಪಡುತ್ತಿದ್ದೆ. ಹುಡುಗರು ಅದಕ್ಕೆ ಕಳ್ಳ ಜರೀಗಿಡ ಎಂದು ಹೆಸರಿಟ್ಟಿದ್ದರು.

ಕೆಲವು ವರ್ಷಗಳ ಹಿಂದೆ, ಓದುವವರಿಲ್ಲ ಎಂದು ವಿಭಾಗವನ್ನೇ ಮುಚ್ಚಿದರು. ನಿಜವಾದ ಪಳೆಯುಳಿಕೆಗಳೆಲ್ಲ ಪೆಟ್ಟಿಗೆ ಸೇರಿ ಬೇರೆ ಕಾಲೇಜಿಗೆ ಹೋದವು. ಒಂದು ಶನಿವಾರ ಮಧ್ಯಾಹ್ನ ನೆಲಮಾಳಿಗೆಯ ಉಗ್ರಾಣದಲ್ಲಿ ಮಿಕ್ಕಿದ್ದನ್ನು ವಿಂಗಡಿಸುತ್ತಿದ್ದೆ. ಎಸೆಯುವ ಗುಡ್ಡೆಗೆ ಮೊದಲು ಹಾಕಿದ್ದೇ ಆ ಕಳ್ಳನನ್ನು.

ನಮ್ಮ ಅಟೆಂಡರ್ ಪರಮೇಶಿ ಬೇಗೂರಿನವನು. ಹೆಗ್ಗಣಗಳ ಕಾಟಕ್ಕೆ ಆ ಉಗ್ರಾಣದ ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಲೇ ಇರುವುದು ಅವನ ಅಭ್ಯಾಸ. ನಾನು ಕಪಾಟಿನ ಹಿಂದೆ ಬಗ್ಗಿದ್ದಾಗ, ಮೇಡಂ ಊಟಕ್ಕೆ ಹೋದರು ಎಂದುಕೊಂಡು ಚಿಲಕ ಜಡಿದು ಹೋಗಿದ್ದಾನೆ. ಸ್ವಲ್ಪ ಹೊತ್ತಿಗೆ ಕರೆಂಟೂ ಹೋಗಿ ಗಾಳಿ ಎಳೆಯುವ ಫ್ಯಾನ್ ನಿಂತಿತು. ಕಿಟಕಿಯಿಲ್ಲದ ಕೋಣೆ. ನನಗೆ ಆಸ್ತಮಾ. ಇನ್ಹೇಲರ್, ಫೋನು ಎರಡೂ ಮೇಲೆ ಸ್ಟಾಫ್ ರೂಮಿನಲ್ಲಿದ್ದ ಬ್ಯಾಗಿನಲ್ಲಿ.

ಬಾಗಿಲು ಬಡಿದೆ, ಕೂಗಿದೆ. ಧೂಳೆದ್ದು ಎದೆ ಬಿಗಿಯಿತು, ಕೂಗಲು ದನಿಯೂ ಉಳಿಯಲಿಲ್ಲ. ಇಲ್ಲೇ ಮುಗಿಯಿತು ಅನ್ನಿಸಿತು. ಸುಳ್ಳೇಕೆ ಹೇಳಲಿ, ಕಣ್ಣೀರು ಹಾಕಿದೆ. ಕುಸಿದು ಕೂತಾಗ ಕೈಗೆ ಸಿಕ್ಕಿದ್ದು ಆ ಕಲ್ಲು. ಅದು ಒದ್ದೆಯಾಗಿತ್ತು.

ಆಮೇಲೆ ವಾಸನೆ ಬಂತು. ಕೊಳೆತ ಎಲೆಯದು, ಕೆಸರಿನದು. ಬೆಚ್ಚನೆಯ ತೇವದ ಗಾಳಿ ಮುಖಕ್ಕೆ ತಾಗಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ರಸ್ತೆಯ ಸದ್ದಿಲ್ಲ, ಒಂದು ಕಾಗೆಯ ದನಿಯೂ ಇಲ್ಲ. ಹೂವೂ ಹಕ್ಕಿಯೂ ಇನ್ನೂ ಹುಟ್ಟದ ಕಾಲದ, ಜರೀಗಿಡಗಳ ಜೌಗು ಕಾಡು ಹೀಗೇ ಇದ್ದಿರಬೇಕು. ಆಗಿನ ಗಾಳಿಯಲ್ಲಿ ಪ್ರಾಣವಾಯು ಈಗಿನದಕ್ಕಿಂತ ಹೆಚ್ಚಿತ್ತು ಎಂದು ನಾನೇ ಪಾಠ ಮಾಡಿದ್ದೆ. ನನ್ನ ಎದೆ ಸಡಿಲವಾಯಿತು. ಅಷ್ಟು ಆಳವಾದ ಉಸಿರನ್ನು ನಾನು ಎಷ್ಟೋ ವರ್ಷದಿಂದ ಎಳೆದಿರಲಿಲ್ಲ. ಆದರೂ ಭಯ ಹೋಗಲಿಲ್ಲ. ಈಗ ಬಾಗಿಲು ತೆರೆದರೂ ಹೊರಗೆ ಜಯನಗರ ಇರಲಾರದು ಎಂಬ ಬೇರೆಯೇ ಭಯ ಹಿಡಿಯಿತು.

ಒಂದೂವರೆ ಗಂಟೆಯ ಮೇಲೆ ಪರಮೇಶಿ ಬಾಗಿಲು ತೆರೆದ. ನನ್ನನ್ನು ಕಂಡು ಮುಖ ಬಿಳಿಚಿಕೊಂಡು, ತಪ್ಪಾಯಿತೆಂದು ಕೈಮುಗಿದ. ಆಮೇಲೆ ಮೂಗು ಅರಳಿಸಿದ.

“ಏನ್ ಮೇಡಂ ಇದು, ನಮ್ಮೂರ್ ಕೆರೆ ಏರಿ ಮೇಲೆ ನಿಂತಂಗೈತೆ. ಒಳಗೆ ನೀರ್ ಗೀರ್ ಚೆಲ್ಲಿದ್ರಾ?”

ನೆಲದ ಮೇಲೆ ಒಣ ಧೂಳೇ ಇತ್ತು.

ಗಾಬರಿಯಲ್ಲಿ ಮಿದುಳು ಏನೇನೋ ತೋರಿಸುತ್ತದೆ ಎಂದರು ಡಾಕ್ಟರು. ಒಪ್ಪಿದೆ. ಆದರೆ ಊಟ ಮುಗಿಸಿ ಬಂದ ಪರಮೇಶಿಯ ಮೂಗಿಗೆ ಏನು ಗಾಬರಿ? ನಿಜವಾದ ಪಳೆಯುಳಿಕೆಯಾಗಿದ್ದರೆ, ಅದಕ್ಕೆ ತನ್ನ ಕಾಡು ನೆನಪಾಯಿತು ಎಂದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದು ಯಾವ ಕಾಡನ್ನೂ ಕಂಡದ್ದಲ್ಲ. ಮತ್ತೊಮ್ಮೆ ಲೆನ್ಸ್ ಹಿಡಿದು ನೋಡಿದೆ. ಬರೀ ಕಲೆಯೇ.

ಆ ಕಲ್ಲನ್ನು ಬನಶಂಕರಿಯ ನಮ್ಮ ಮನೆಗೆ ತಂದುಬಿಟ್ಟೆ. ಮೊನ್ನೆ ಮೊಮ್ಮಗಳು ಇದೇನೆಂದು ಕೇಳಿದಳು. ಮೂವತ್ತು ವರ್ಷ ಹೇಳಿದ ಉತ್ತರವನ್ನು ಬಿಟ್ಟು, ಕಲ್ಲನ್ನು ಅವಳ ಮೂಗಿನ ಹತ್ತಿರ ಹಿಡಿದೆ. ಈಗಲೂ ಇನ್ಹೇಲರ್ ಮರೆತು ಮನೆ ಬಿಟ್ಟೇನು, ಆದರೆ ಆ ಕಲ್ಲು ಬ್ಯಾಗಿನಲ್ಲಿಲ್ಲದೆ ಲಿಫ್ಟ್ ಹತ್ತಲಾರೆ.